ನಾರಾಚಿಯ ಮೋಹ, ಕೋಲಾರದ ನಿಜ

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಕವಲೊಡೆಯುವ ರೈಲುಹಾದಿ ಕೋಲಾರದ ಚಿನ್ನದ ಗಣಿಗಳ ನಾಡಿಗೆ ಒಯ್ಯುತ್ತದೆ. ಆ ನಾಡಿನ ಹೆಸರನ್ನು ಹೊತ್ತು 2018ರ ಡಿಸೆಂಬರ್ 21ರಂದು ತೆರೆಕಂಡ ‘ಕೆ.ಜಿ.ಎಫ್.’ ಚಿತ್ರದ ಕಥೆಯು, ಸರ್ಕಾರವು ನಿಷೇಧಿಸಿದ ಕಲ್ಪಿತ ಗ್ರಂಥವೊಂದರಿಂದ ಬಿಚ್ಚಿಕೊಳ್ಳುತ್ತದೆ. ಆ ಗ್ರಂಥಕರ್ತನ ಪಾತ್ರ ಅನಂತನಾಗರದು.

ನಿರ್ದೇಶಕ ಪ್ರಶಾಂತ್ ನೀಲ್ ಕಟ್ಟಿದ ನಾರಾಚಿಯೆಂಬ ಗಣಿ ಭೂಪಟದಲ್ಲಿಲ್ಲ. ಅಲ್ಲಿ ಮನುಷ್ಯರು ಗುಲಾಮರು, ಹೊಕ್ಕವರು ಮರಳುವುದಿಲ್ಲ. ಒಡೆಯನ ಮಗನನ್ನು ಕೊಲ್ಲಲು ನುಸುಳಿದ ರಾಕಿ ಸಿಕ್ಕಿಬೀಳುವನೇ ಎಂಬ ಕಾತರ, ಹೊರಗೆ ರೀನಾಳ ಒಲವು, ತಾಯಿಗಿತ್ತ ಮಾತು; ಅಜ್ಜಿ ಹೇಳುತ್ತಿದ್ದ ರಾಕ್ಷಸನ ಕೋಟೆಯ ಕಥೆಯೇ ಹೊಸ ವೇಷ ತೊಟ್ಟು ಬಂದಂತಿದೆ. ಅಸಂಖ್ಯ ಪ್ರೇಕ್ಷಕರು ಮನಸೋತುದರಲ್ಲಿ ಆಶ್ಚರ್ಯವೇನು?

ಆದರೆ ನಿಜದ ಗಣಿಯ ಕಥೆ ಇದಕ್ಕಿಂತ ಗಂಭೀರವಾದುದು. ಮೂರು ಕಿಲೋಮೀಟರಿಗೂ ಮಿಕ್ಕ ಆಳದ ಕಾವಿನಲ್ಲಿ, ಬಂಡೆ ಸಿಡಿಯುವ ಭಯದಲ್ಲಿ ದುಡಿದವರು ಯಾವ ವೀರನಿಗೂ ಕಾದು ಕೂರಲಿಲ್ಲ. 1930ರಲ್ಲಿ ಬೆರಳಚ್ಚು ಪಡೆಯುವ ಕಟ್ಟಳೆಯನ್ನು ವಿರೋಧಿಸಿ ತಾವೇ ಮುಷ್ಕರ ಹೂಡಿದರು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಉಳಿದಿರುವುದು ಸಯನೈಡ್ ಮಣ್ಣಿನ ದಿಬ್ಬಗಳು, ಮುಂಜಾನೆ ಬೆಂಗಳೂರಿನ ದುಡಿಮೆಗೆ ರೈಲು ಹಿಡಿಯುವ ಜನ. ತೆರೆಯ ರಾಕಿಯನ್ನು ಮೆಚ್ಚಿದವರು ಇವರನ್ನೂ ನೆನೆಯಬೇಕು.