ಮಗುವಿನ ದಾಹಕ್ಕೆ ಬಿಸಿಲೊಂದೇ ಕಾರಣವೇ?

ಗುಫೂಲ್‌ನ ಜುಲೈ ಬಿಸಿಲಿನಲ್ಲಿ ಮಗು ಮತ್ತೆ ಮತ್ತೆ ನೀರು ಕೇಳಿದರೆ ನಾವ್ಯಾರೂ ಚಿಂತಿಸುವುದಿಲ್ಲ. ‘ಸೆಕೆ ಅಲ್ವಾ’ ಎಂದು ಬಾಟಲಿ ತುಂಬಿಸಿ ಕೊಡುತ್ತೇವೆ. ಆದರೆ ಎಸಿ ಕೋಣೆಯಲ್ಲಿ ಮಲಗಿದ ಮಗು ರಾತ್ರಿ ನಾಲ್ಕೈದು ಸಲ ಎದ್ದು ನೀರು ಕುಡಿದು, ಅಷ್ಟೇ ಸಲ ಮೂತ್ರಕ್ಕೆ ಹೋಗುತ್ತಿದ್ದರೆ ಸೆಕೆಯನ್ನು ದೂರಬೇಡಿ. ಮೊದಲು ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿ. ಜೊತೆಗೆ ಬೆಳಗಿನ ತಲೆನೋವು, ವಾಂತಿ, ಹೆಚ್ಚದ ಎತ್ತರ, ಪಕ್ಕದಲ್ಲಿರುವುದು ಕಾಣದೆ ಎಡವುವುದು ಇದ್ದರೆ ಅಪರೂಪದ ಇನ್ನೊಂದು ಕಾರಣವೂ ನಿಮಗೆ ಗೊತ್ತಿರಲಿ. ಅದರ ಹೆಸರು ಕ್ರೇನಿಯೋಫ್ಯಾರಿಂಜಿಯೋಮಾ.

ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುವ ಗಡ್ಡೆ ಇದು. ಮಕ್ಕಳಲ್ಲಿ 5ರಿಂದ 14 ವರ್ಷದೊಳಗೆ ಹೆಚ್ಚು. ಇದು ಕ್ಯಾನ್ಸರ್ ಅಲ್ಲ. ಆದರೆ ಕೂತ ಜಾಗ ಕೆಟ್ಟದ್ದು: ಪಿಟ್ಯುಟರಿ ಗ್ರಂಥಿ, ಕಣ್ಣಿನ ನರ, ಹಸಿವು–ದಾಹ ನೋಡಿಕೊಳ್ಳುವ ಹೈಪೋಥಲಾಮಸ್‌ಗಳ ನಡುವೆ. ಮಕ್ಕಳಲ್ಲಿ ಇದು ಬಹಳ ಸಲ ಎಣ್ಣೆಯಂಥ ದ್ರವ ತುಂಬಿದ ಚೀಲವಾಗಿರುತ್ತದೆ. ಪೂರ್ತಿ ಕಿತ್ತು ತೆಗೆಯಲು ಹೋದರೆ ದೃಷ್ಟಿಗೆ ಪೆಟ್ಟು, ತಡೆಯಲಾಗದ ಹಸಿವು, ಜೀವನವಿಡೀ ಹಾರ್ಮೋನ್ ಮಾತ್ರೆ ಇವೆಲ್ಲ ಬರಬಹುದು.

ಆದ್ದರಿಂದಲೇ ಔಷಧಿಯನ್ನು ನೇರ ಚೀಲದೊಳಗೇ ಹಾಕುವ ದಾರಿ ಹುಟ್ಟಿತು. 1963ರಲ್ಲಿ ಪಾಕಿಸ್ತಾನಿ ಮೂಲದ ನರಶಸ್ತ್ರಜ್ಞ ಅಯೂಬ್ ಒಮ್ಮಾಯ ರೂಪಿಸಿದ ಪುಟ್ಟ ಗುಬ್ಬಿಯೊಂದನ್ನು ನೆತ್ತಿಯ ಚರ್ಮದಡಿ ಇಟ್ಟು, ಸಣ್ಣ ಕೊಳವೆಯನ್ನು ಚೀಲಕ್ಕೆ ಇಳಿಸುತ್ತಾರೆ. ತೆಳು ಸೂಜಿಯಿಂದ ಗುಬ್ಬಿಗೆ ಚುಚ್ಚಿ ದ್ರವ ಹೊರತೆಗೆಯಬಹುದು, ಔಷಧಿ ಒಳಹಾಕಬಹುದು. ಪ್ರತಿ ಸಲ ತಲೆಬುರುಡೆ ತೆರೆಯಬೇಕಾಗಿಲ್ಲ.

ಮೊದಲು ಹೆಚ್ಚು ಬಳಸಿದ ಬ್ಲಿಯೋಮೈಸಿನ್ ಸೋರಿದರೆ ಸುತ್ತಲಿನ ಮೆದುಳಿಗೆ ವಿಷ. ಅದಕ್ಕೇ ಔಷಧಿ ಕೊಡುವ ಮುನ್ನ ಚೀಲ ಸೋರುತ್ತಿಲ್ಲವೆಂದು ಪರೀಕ್ಷಿಸುತ್ತಾರೆ. 2005ರಲ್ಲಿ ಬ್ರೆಜಿಲ್‌ನ ಸರ್ಜಿಯೊ ಕವಲ್ಹೇರೊ ತಂಡ ಅಷ್ಟು ವಿಷಕಾರಿಯಲ್ಲದ ಇಂಟರ್‌ಫೆರಾನ್ ಆಲ್ಫಾ ಬಳಸಿದ್ದನ್ನು ಪ್ರಕಟಿಸಿತು. 2010ರ 60 ಮಕ್ಕಳ ವರದಿಯಲ್ಲಿ ಸುಮಾರು ಮುಕ್ಕಾಲು ಪಾಲು ಮಕ್ಕಳಿಗೆ ಗುಣ ಕಂಡಿತು. ಆದರೆ ಗಟ್ಟಿ ಗಡ್ಡೆಗೆ ಇದು ನಾಟದು, ಚೀಲ ಮತ್ತೆ ತುಂಬಲೂಬಹುದು. ಎಷ್ಟೋ ಮಕ್ಕಳಲ್ಲಿ ಇದರಿಂದ ಸಿಗುವುದು ಸಮಯ: ದೊಡ್ಡ ಶಸ್ತ್ರಚಿಕಿತ್ಸೆ, ವಿಕಿರಣವನ್ನು ಬೆಳೆಯುವ ಮೆದುಳಿನಿಂದ ಕೆಲವು ವರ್ಷ ದೂರವಿಡುವುದು. ಹಾಗಾಗಿ ವೈದ್ಯರನ್ನು ಕೇಳಿ: ಗಡ್ಡೆಯಲ್ಲಿ ಚೀಲ ಎಷ್ಟು, ಗಟ್ಟಿ ಎಷ್ಟು? ಹೈಪೋಥಲಾಮಸ್‌ಗೆ ತಾಗಿದೆಯೇ?

ನಾನು ಸಂಶೋಧಕಿ, ವೈದ್ಯೆಯಲ್ಲ. ಆದರೂ ಎರಡು ಭಾಷೆಯ ಮನೆಯವರಿಗೆ ಮೂರು ಮಾತು.

ಮಗು ‘ಮಂಜು ಮಂಜಾಗಿ ಕಾಣ್ತದೆ’ ಎಂದು ಅಮ್ಮನಿಗೆ ಹೇಳುತ್ತದೆ, ಕ್ಲಿನಿಕ್‌ನಲ್ಲಿ ಇಂಗ್ಲಿಷಿನಲ್ಲಿ ‘ಐ ಆಮ್ ಫೈನ್’ ಎನ್ನುತ್ತದೆ. ಮಗುವಿನ ಕನ್ನಡ ಮಾತನ್ನೇ ಬರೆದುಕೊಂಡು ಹೋಗಿ ಅನುವಾದಿಸಿ, ನಿಮ್ಮ ಊಹೆ ಸೇರಿಸಬೇಡಿ.

ಗುಟ್ಟಿಗೆಂದು ಭಾಷೆ ಬದಲಿಸಬೇಡಿ. ಅದಕ್ಕೆ ಎರಡೂ ಅರ್ಥವಾಗುತ್ತದೆ. ಅರ್ಧ ಕೇಳಿದ ಮಾತು ಪೂರ್ತಿ ಸತ್ಯಕ್ಕಿಂತ ಹೆಚ್ಚು ಹೆದರಿಸುತ್ತದೆ.

ಹೈಡ್ರೋಕಾರ್ಟಿಸೋನ್ ತೆಗೆದುಕೊಳ್ಳುವ ಮಗುವಿಗೆ ಜ್ವರ ಬಂದರೆ ಡೋಸ್ ಹೆಚ್ಚಿಸಬೇಕಾಗುತ್ತದೆ, ವಾಂತಿಯಾದರೆ ಇಂಜೆಕ್ಷನ್ ಬೇಕಾಗಬಹುದು. ವೈದ್ಯರಿಂದ ಈ ಸೂಚನೆ ಬರೆಸಿಕೊಂಡು, ಕನ್ನಡದ ಪ್ರತಿಯನ್ನು ರಜೆಯಲ್ಲಿ ಮಗುವನ್ನು ನೋಡಿಕೊಳ್ಳುವ ಅಜ್ಜಿಗೆ ಕೊಡಿ. ವಿಮಾನದಲ್ಲಿ ಔಷಧಿ ಕೈಚೀಲದಲ್ಲೇ ಇರಲಿ.

ತಲೆನೋವಿನ ಜೊತೆ ದೃಷ್ಟಿ ಮಂಜಾಗಿ, ಮಗು ಮಂಕಾದರೆ ನಾಳೆಗೆ ಕಾಯಬೇಡಿ. 999ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಸಲ್ಮಾನಿಯಾದ ತುರ್ತು ವಿಭಾಗಕ್ಕೆ ಹೊರಡಿ. ಹೋದ ದೃಷ್ಟಿ ಎಲ್ಲ ಸಲ ಮರಳುವುದಿಲ್ಲ.