ಶೋಧಯಂತ್ರಗಳೂ ಚುನಾವಣೆಯೂ

2016ರ ಜೂನ್ ತಿಂಗಳಲ್ಲಿ, ಅಮೆರಿಕದ ಅಧ್ಯಕ್ಷ ಪದವಿಯ ಚುನಾವಣೆ ಸಮೀಪಿಸುತ್ತಿದ್ದಾಗ, ಒಂದು ವಿಡಿಯೋ ಚಿತ್ರ ಅಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು. ಗೂಗಲ್ ಶೋಧಯಂತ್ರದಲ್ಲಿ ಹಿಲರಿ ಕ್ಲಿಂಟನ್ ಅವರ ಹೆಸರನ್ನು ಬರೆಯತೊಡಗಿದರೆ, ಅವರ ಮೇಲಿನ ಆರೋಪಗಳಿಗೆ ಸಂಬಂಧಿಸಿದ ಸೂಚನೆಗಳು ಕೆಳಗೆ ಮೂಡುವುದಿಲ್ಲ, ಇತರ ಶೋಧಯಂತ್ರಗಳಲ್ಲಿ ಮೂಡುತ್ತವೆ ಎಂಬುದು ಅದರ ಆಕ್ಷೇಪವಾಗಿತ್ತು. ಯಾವ ವ್ಯಕ್ತಿಯ ಹೆಸರಿನೊಂದಿಗೂ ಅವಹೇಳನಕಾರಿ ಸೂಚನೆಗಳನ್ನು ತೋರಿಸದಿರುವುದು ತನ್ನ ನಿಯಮವೆಂದೂ, ಯಾವ ಅಭ್ಯರ್ಥಿಗೂ ಅನುಕೂಲ ಮಾಡಿಕೊಡುವ ಉದ್ದೇಶ ತನಗಿಲ್ಲವೆಂದೂ ಸಂಸ್ಥೆ ಸ್ಪಷ್ಟೀಕರಣ ನೀಡಿತು. ಆದರೆ ಆ ನಿಯಮ ಎಲ್ಲರಿಗೂ ಸಮನಾಗಿ ಅನ್ವಯವಾಗುತ್ತಿದೆಯೇ ಎಂಬುದನ್ನು ಹೊರಗಿನವರು ಪೂರ್ಣವಾಗಿ ಪರೀಕ್ಷಿಸುವಂತಿರಲಿಲ್ಲ. ತೊಡಕಿನ ಮೂಲವಿರುವುದು ಇಲ್ಲಿಯೇ.

ಸೆನ್ಸಾರ್ ಎಂದೊಡನೆ ಕತ್ತರಿಯ ನೆನಪಾಗುವುದು ಸಹಜ. 1975ರಲ್ಲಿ ತುರ್ತು ಪರಿಸ್ಥಿತಿ ಜಾರಿಯಾದಾಗ ಕೆಲವು ಪತ್ರಿಕೆಗಳು ಸಂಪಾದಕೀಯದ ಸ್ಥಳವನ್ನು ಖಾಲಿ ಬಿಟ್ಟು ಪ್ರಕಟವಾದುದನ್ನು ಹಿರಿಯ ಓದುಗರು ಮರೆತಿರಲಾರರು. ಏನನ್ನೋ ತೆಗೆಯಲಾಗಿದೆ ಎಂಬುದನ್ನು ಆ ಖಾಲಿ ಸ್ಥಳವೇ ಸಾರುತ್ತಿತ್ತು. ಶೋಧಯಂತ್ರದಲ್ಲಿ ಹಾಗೆ ಖಾಲಿ ಸ್ಥಳ ಉಳಿಯುವುದಿಲ್ಲ. ಅದು ಅಸಂಖ್ಯಾತ ಪುಟಗಳ ಅಕಾರಾದಿಯನ್ನು ಮೊದಲೇ ಸಿದ್ಧಪಡಿಸಿಟ್ಟುಕೊಂಡು, ಪ್ರಶ್ನೆ ಬಂದಾಗ ನೂರಾರು ಲಕ್ಷಣಗಳನ್ನು ತೂಗಿ ಉತ್ತರಗಳನ್ನು ಒಂದರ ಕೆಳಗೊಂದರಂತೆ ಜೋಡಿಸುತ್ತದೆ. ಬಹುತೇಕ ಜನ ನೋಡುವುದು ಮೊದಲ ಪುಟವನ್ನು ಮಾತ್ರ. ಆದುದರಿಂದ ಒಂದು ವಿಷಯವನ್ನು ಅಳಿಸಬೇಕಾದ ಅಗತ್ಯವೇ ಇಲ್ಲ. ಮೂರನೆಯ ಪುಟಕ್ಕೆ ತಳ್ಳಿದರೆ ಸಾಕು.

ಈ ಕ್ರಮಾಂಕದ ಬಲವೆಷ್ಟು ಎಂಬುದನ್ನು ಅಳೆದ ಪ್ರಯೋಗವೊಂದು ಭಾರತದಲ್ಲಿಯೇ ನಡೆದಿದೆ. 2014ರ ಲೋಕಸಭಾ ಚುನಾವಣೆಯ ಸಂದರ್ಭದಲ್ಲಿ, ಯಾರಿಗೆ ಮತ ನೀಡಬೇಕೆಂದು ಇನ್ನೂ ನಿರ್ಧರಿಸದಿದ್ದ 2,150 ಮತದಾರರಿಗೆ ಅಮೆರಿಕದ ಸಂಶೋಧಕರಾದ ರಾಬರ್ಟ್ ಎಪ್‌ಸ್ಟೀನ್ ಮತ್ತು ರೊನಾಲ್ಡ್ ರಾಬರ್ಟ್‌ಸನ್ ಕೃತಕ ಶೋಧಯಂತ್ರವೊಂದನ್ನು ಒದಗಿಸಿದರು. ಪುಟಗಳೆಲ್ಲ ಒಂದೇ, ಅವುಗಳ ಕ್ರಮವನ್ನು ಮಾತ್ರ ಒಂದೊಂದು ಗುಂಪಿಗೆ ಒಬ್ಬೊಬ್ಬ ನಾಯಕನಿಗೆ ಅನುಕೂಲವಾಗುವಂತೆ ಬದಲಿಸಲಾಗಿತ್ತು. ಇದೂ ಸೇರಿದಂತೆ ಐದು ಪ್ರಯೋಗಗಳ ಫಲಿತಾಂಶ 2015ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಪಕ್ಷಪಾತದ ಕ್ರಮಾಂಕವು ನಿರ್ಧಾರಕ್ಕೆ ಬಾರದ ಮತದಾರರ ಒಲವನ್ನು ಶೇಕಡಾ 20 ಅಥವಾ ಅದಕ್ಕಿಂತ ಹೆಚ್ಚು ಬದಲಿಸಬಲ್ಲದೆಂದೂ, ಬಹುಮಂದಿಗೆ ಅದರ ಸುಳಿವೇ ಸಿಗದಂತೆ ಮಾಡಬಹುದೆಂದೂ ಲೇಖಕರು ತಿಳಿಸಿದರು. ಇದು ಸಾಧ್ಯತೆಯ ನಿದರ್ಶನವೇ ಹೊರತು ಯಾವುದೇ ಸಂಸ್ಥೆ ಹಾಗೆ ಮಾಡಿದೆ ಎಂಬುದಕ್ಕೆ ಸಾಕ್ಷ್ಯವಲ್ಲ. ಈ ಅಂತರವನ್ನು ಮರೆತು ಬರೆದ ಲೇಖನಗಳು ಕಡಿಮೆಯೇನಲ್ಲ.

ನ್ಯಾಯಾಲಯದ ಮೊರೆಹೋದವರೂ ಇದ್ದಾರೆ. 2019ರಲ್ಲಿ ಅಧ್ಯಕ್ಷ ಪದವಿಯ ಆಕಾಂಕ್ಷಿಯಾಗಿದ್ದ ತುಳಸಿ ಗಬಾರ್ಡ್ ಅವರ ಪ್ರಚಾರ ಸಮಿತಿಯ ಜಾಹೀರಾತು ಖಾತೆಯನ್ನು, ಅವರ ಪಕ್ಷದ ಮೊದಲ ಚರ್ಚಾಕೂಟದ ಬೆನ್ನಿಗೇ, ಗೂಗಲ್ ಕೆಲವು ಗಂಟೆಗಳ ಕಾಲ ತಡೆಹಿಡಿದಿತ್ತು. ಸ್ವಯಂಚಾಲಿತ ವ್ಯವಸ್ಥೆಯ ಕ್ರಮವಿದು ಎಂಬುದು ಸಂಸ್ಥೆಯ ಸಮಾಧಾನ. ಸಮಿತಿಯು 5 ಕೋಟಿ ಡಾಲರ್ ಪರಿಹಾರ ಕೋರಿ ದಾವೆ ಹೂಡಿತು. ವಾಕ್ ಸ್ವಾತಂತ್ರ್ಯದ ಸಂವಿಧಾನಾತ್ಮಕ ಕಟ್ಟುಪಾಡು ಸರ್ಕಾರಕ್ಕೇ ಹೊರತು ಖಾಸಗಿ ಸಂಸ್ಥೆಗಲ್ಲವೆಂಬ ಕಾರಣದಿಂದ 2020ರ ಮಾರ್ಚ್‌ನಲ್ಲಿ ಅದು ವಜಾಗೊಂಡಿತು.

ಭಾರತದಲ್ಲಿ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 126ನೇ ಪ್ರಕರಣವು ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆಗಳಲ್ಲಿ ಚುನಾವಣಾ ವಿಷಯಗಳ ಪ್ರದರ್ಶನವನ್ನು ನಿಷೇಧಿಸುತ್ತದೆ. ಈ ಅವಧಿಯ ಉಲ್ಲಂಘನೆಗಳನ್ನು ಆಯೋಗವು ತಿಳಿಸಿದ 3 ಗಂಟೆಗಳೊಳಗೆ ಪರಿಶೀಲಿಸುವುದಾಗಿ ಗೂಗಲ್ ಸೇರಿದಂತೆ ಅಂತರಜಾಲ ಸಂಸ್ಥೆಗಳು 2019ರ ಸ್ವಯಂಪ್ರೇರಿತ ನೀತಿಸಂಹಿತೆಯಲ್ಲಿ ಒಪ್ಪಿಕೊಂಡವು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಪ್ರಕರಣದಡಿ ಸರ್ಕಾರವು ದೇಶದ ಸಾರ್ವಭೌಮತೆ, ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗಾಗಿ ಮಾಹಿತಿಯನ್ನು ತಡೆಯಬಹುದು. ಅಭ್ಯರ್ಥಿಯೊಬ್ಬರಿಗೆ ಇರಿಸುಮುರುಸಾಗುತ್ತದೆ ಎಂಬುದು ಆ ಕಾರಣಗಳಲ್ಲಿ ಸೇರಿಲ್ಲ. ಆದರೆ ಇವೆಲ್ಲವೂ ತೆಗೆದುಹಾಕುವುದಕ್ಕೆ ಸಂಬಂಧಿಸಿದವು. ಕ್ರಮಾಂಕದ ವಿಷಯವನ್ನು ಇವು ಮುಟ್ಟುವುದಿಲ್ಲ.

ಅಭ್ಯರ್ಥಿಯ ಹಿನ್ನೆಲೆಯನ್ನು ತಿಳಿಯುವುದು ಮತದಾರನ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ತೀರ್ಪಿತ್ತಿತು. ಅದರ ಫಲವಾಗಿ ಪ್ರತಿಯೊಬ್ಬ ಅಭ್ಯರ್ಥಿಯೂ ತನ್ನ ಮೇಲಿನ ಕ್ರಿಮಿನಲ್ ಮೊಕದ್ದಮೆ, ಆಸ್ತಿ, ಸಾಲ ಹಾಗೂ ವಿದ್ಯಾರ್ಹತೆಗಳ ಪ್ರಮಾಣಪತ್ರವನ್ನು ನಾಮಪತ್ರದೊಂದಿಗೆ ಸಲ್ಲಿಸಬೇಕು. ಚುನಾವಣಾ ಆಯೋಗದ ಜಾಲತಾಣದಲ್ಲಿ ರಾಜ್ಯ ಮತ್ತು ಕ್ಷೇತ್ರವನ್ನು ಆರಿಸಿಕೊಂಡರೆ, ಮುಂಬೈಯಲ್ಲಿರುವವರಾಗಲಿ ದೆಹಲಿಯಲ್ಲಿರುವವರಾಗಲಿ, ತಮ್ಮ ಕ್ಷೇತ್ರದ ಎಲ್ಲ ಅಭ್ಯರ್ಥಿಗಳ ಪ್ರಮಾಣಪತ್ರಗಳನ್ನು ಶೋಧಯಂತ್ರದ ನೆರವಿಲ್ಲದೆ ನೇರವಾಗಿ ಓದಬಹುದು.