ಕಟಕೋಳದಿಂದ ವಿಮಾನ: ಲೆಕ್ಕ ಮನೆಯಿಂದಲೇ ಶುರುವಾಗಲಿ

ಸಾಂಬ್ರಾದಲ್ಲಿರುವ ಬೆಳಗಾವಿ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 445 ಕಿಲೋಮೀಟರ್. ರಸ್ತೆಯಲ್ಲಾದರೆ ಬೆಳಗಾವಿ–ಬೆಂಗಳೂರು 500 ದಾಟುತ್ತದೆ. ಬೆಳಗಾವಿ ಜಿಲ್ಲೆಯ ಕಟಕೋಳದ ನನ್ನ ಅಂಗಡಿಗೆ ಟಿಕೆಟ್ ಮಾಡಿಸಲು ಬಂದವರು ಮೊದಲು ಕೇಳುವುದು, 'ವಿಮಾನಕ್ಕ ಎಷ್ಟ್ ತಾಸ್ರೀ?' ಎಂದು. ಒಂದೂಕಾಲು ತಾಸಿನ ಆಜುಬಾಜು ಎನ್ನುತ್ತೇನೆ. ಆ ಉತ್ತರ ಅಲ್ಲಿಗೇ ಮುಗಿಯಬಾರದು.

ಎಟಿಆರ್ 72 ತರಹದ ಪಂಖದ ವಿಮಾನ ತಾಸಿಗೆ ಸುಮಾರು 500 ಕಿಲೋಮೀಟರ್ ಹಾರುತ್ತದೆ, ಜೆಟ್ ಸುಮಾರು 800. ಭಾಗಿಸಿ ನೋಡಿದರೆ ಜೆಟ್‌ಗೆ ಮುಕ್ಕಾಲು ತಾಸೂ ಬೇಕಿಲ್ಲ. ಆದರೆ ವೇಳಾಪಟ್ಟಿಯ ಹೊತ್ತು ಎಂದರೆ ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಆಚೆ ಊರಲ್ಲಿ ಮತ್ತೆ ನಿಲ್ಲುವ ತನಕ. ರನ್‌ವೇವರೆಗೆ ಸಾಗುವುದು, ಸರದಿ ಕಾಯುವುದು, ಮೇಲೇರುವುದು, ಬೆಂಗಳೂರಿನ ಮೇಲೆ ದಟ್ಟಣೆಯಿದ್ದರೆ ಸುತ್ತು ಹಾಕುವುದು ಎಲ್ಲವೂ ಅದರಲ್ಲಿ ಸೇರಿದೆ. ದೂರ ಕಡಿಮೆಯಾದರೂ ಈ ಹೊತ್ತು ಅಷ್ಟಾಗಿ ಇಳಿಯದು. ಮೆಡಿಟರೇನಿಯನ್ ಸಮುದ್ರದ ಮೇಲೆ ಬಾರ್ಸಿಲೋನಾದಿಂದ ಪಾಲ್ಮಾಕ್ಕೆ ಬರೀ 200 ಕಿಲೋಮೀಟರ್, ಆದರೂ ವೇಳಾಪಟ್ಟಿ ಒಂದು ತಾಸಿನ ಹತ್ತಿರ ತೋರಿಸುತ್ತದೆ. ರೋಮ್‌ನಿಂದ ಅಥೆನ್ಸ್‌ಗೆ ಐದು ಪಟ್ಟಿಗೂ ಹೆಚ್ಚು ದೂರ, ಹೊತ್ತು ಮಾತ್ರ ಎರಡು ತಾಸು. ಪಾಲ್ಮಾ ದ್ವೀಪದಲ್ಲಿದೆ, ರಸ್ತೆಯಿಲ್ಲ. ಹಡಗಿನ ದೀರ್ಘ ಪಯಣ ತಪ್ಪುವುದರಿಂದ ಅಲ್ಲಿ ಸಣ್ಣ ಹಾರಾಟವೂ ದೊಡ್ಡ ಅನುಕೂಲ.

ನಮ್ಮ ಕಷ್ಟವಿರುವುದು ನೆಲದ ಮೇಲೆ. ಯರಗಟ್ಟಿ, ನೇಸರಗಿ ದಾಟಿ ಸಾಂಬ್ರಾಕ್ಕೆ ಸ್ವಂತ ಗಾಡಿಯಲ್ಲೇ ಹೆಚ್ಚುಕಡಿಮೆ ಎರಡು ತಾಸು. ನಿಲ್ದಾಣ ಬೆಳಗಾವಿಯ ಈಚೆಗೇ ಇರುವುದು ನಮ್ಮ ಪುಣ್ಯ, ಪೇಟೆಗೆ ಹೋಗಿ ತಿರುಗಿ ಬರಬೇಕಿಲ್ಲ. ತಪಾಸಣೆಗೆಂದು ಒಂದೂವರೆ ತಾಸು ಮೊದಲೇ ಇರಬೇಕು. ದೇವನಹಳ್ಳಿಯಲ್ಲಿ ಇಳಿದ ಮೇಲೆ ಸಾಮಾನು ಬರಲು ಅರ್ಧ ತಾಸು, ಊರೊಳಗೆ ತಲುಪಲು ಒಂದೂವರೆ ತಾಸು. ಕೂಡಿಸಿದರೆ ಆರೂವರೆ ತಾಸಿನ ಮೇಲಾಯಿತು. ಹಾರಿದ್ದು ಅದರಲ್ಲಿ ಐದನೇ ಒಂದು ಪಾಲು.

ಹಾಗಂತ ವಿಮಾನ ಬೇಡವೆನ್ನುವವನಲ್ಲ ನಾನು. ಬೆಂಗಳೂರಿನ ಆಸ್ಪತ್ರೆಗೆ ತಾಯಿಯನ್ನು ಕರೆದೊಯ್ಯುವ ಮಗನಿಗೆ, ರಾತ್ರಿಯಿಡೀ ಬಸ್ಸಿನಲ್ಲಿ ಕೂರಲಾರದ ಮುದುಕರಿಗೆ ಅದು ದೊಡ್ಡ ಆಸರೆ. ಅಂಥವರ ಟಿಕೆಟ್ಟಿನ ಹಿಂದೆ ಮೂರು ಸಾಲು ಬರೆದುಕೊಡುತ್ತೇನೆ: ಮನೆ ಬಿಡುವ ಹೊತ್ತು, ಸಾಂಬ್ರಾ ಮುಟ್ಟುವ ಹೊತ್ತು, ಆಸ್ಪತ್ರೆ ಬಾಗಿಲಿಗೆ ಹೋಗುವ ಹೊತ್ತು. ಮೂರನೆಯದನ್ನು ನೋಡಿಯೇ ಡಾಕ್ಟರ ಭೇಟಿ ಗೊತ್ತುಮಾಡಿ ಎನ್ನುತ್ತೇನೆ.

ಸಾಂಬ್ರಾದ ರನ್‌ವೇ 1942ರಲ್ಲಿ ಬ್ರಿಟಿಷ್ ವಾಯುಪಡೆ ಮಾಡಿದ್ದು. ಹೊಸ ಟರ್ಮಿನಲ್ 2017ರಲ್ಲಿ ಬಂತು. ಆದರೆ ನಮ್ಮ ಕಡೆಯ ರಾಮದುರ್ಗ, ಸವದತ್ತಿಗೆ ರೈಲು ಇನ್ನೂ ಬೇಡಿಕೆಯಾಗಿಯೇ ಇದೆ. ಹೀಗಿರುವಾಗ ಇನ್ನೂ ವೇಗದ ವಿಮಾನ ಬಂದರೆ ನಮಗೆ ಉಳಿಯುವುದು ಹದಿನೈದು ಇಪ್ಪತ್ತು ನಿಮಿಷ. ವಿಮಾನದ ವೇಳೆಗೆ ಹೊಂದುವಂತೆ ಕಟಕೋಳ, ಯರಗಟ್ಟಿಯಿಂದ ಸಾಂಬ್ರಾಕ್ಕೆ ನೇರ ಬಸ್ ಓಡಿಸಿದರೆ ಅದಕ್ಕಿಂತ ಹೆಚ್ಚು ಹೊತ್ತು ಉಳಿಯುತ್ತದೆ, ಬಾಡಿಗೆ ಗಾಡಿಯ ದುಡ್ಡೂ ಉಳಿಯುತ್ತದೆ. ನಾವು ಕೇಳಬೇಕಾದದ್ದು ಆ ಬಸ್ಸನ್ನು.